ಗುಣವತಿಯಕ್ಕ ಹಾಕಿಸಿದ ಲೈಟು

ವಾಮಂಜೂರಿನ ನಮ್ಮ ಕಾಲೇಜಿನ ಕ್ಯಾಂಟೀನನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿರುವವರು ಗುಣವತಿಯಕ್ಕ. ವಯಸ್ಸು ಐವತ್ತಮೂರು. ಮಾತು ಕಡಿಮೆ, ಕೈ ಚುರುಕು. ಬೆಳಗ್ಗೆ ಏಳಕ್ಕೆ ಬಂದು ಬನ್ಸಿಗೆ ಹಿಟ್ಟು ಲಟ್ಟಿಸಲು ನಿಂತರೆಂದರೆ ಸಂಜೆ ಆರೂವರೆಗೆ ಬೀಗ ಹಾಕುವವರೆಗೂ ಅವರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಆಮೇಲೆ ಸ್ಕೂಟರ್ ಹತ್ತಿ ಎರಡು ಕಿಲೋಮೀಟರ್ ದೂರದ ಮನೆಗೆ. ಗಂಡ ಚಿತ್ತರಂಜನ ಶೆಟ್ಟರು ತೊಕ್ಕೊಟ್ಟಿನಲ್ಲಿ ಸಂಬಂಧಿಕರ ಹೋಟೆಲಿನ ಮ್ಯಾನೇಜರ್. ಅವರು ಮನೆ ಮುಟ್ಟುವಾಗ ಎಂಟೂವರೆ.

ಕಳೆದ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈ ಹೆಂಗಸು ಎಂಥ ಭಯದಲ್ಲಿ ದಿನ ಕಳೆದರು ಎಂಬುದು ಅವರ ಕೈಯಿಂದ ದಿನಾ ಚಹಾ ತಗೊಳ್ಳುತ್ತಿದ್ದ ಲೆಕ್ಚರರಾದ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಎಲ್ಲ ಮುಗಿದ ಮೇಲೆ, ಪರೀಕ್ಷೆಯ ರಜೆಯಲ್ಲಿ, ಖಾಲಿ ಕ್ಯಾಂಟೀನಿನಲ್ಲಿ ಬಟಾಣಿ ಸುಲಿಯುತ್ತಾ ಅವರೇ ನನಗೆ ಹೇಳಿದ್ದು.

ಮೊದಲನೆಯದು ನಡೆದದ್ದು ಕಾಲೇಜಿನ ಗೇಟಿನಲ್ಲೇ. ಮುಸ್ಸಂಜೆ. ಸ್ಕೂಟರ್ ರಸ್ತೆಗೆ ತಿರುಗಿಸಿದ್ದಾರೆ, ಎಡಬದಿಯಿಂದ ಒಬ್ಬ ಹುಡುಗಿ ಕಿರುಚಿಕೊಂಡಳು. ಬ್ರೇಕ್ ಹಾಕಿ ನೋಡಿದರೆ ಹುಡುಗಿ ಚಕ್ರದಿಂದ ಗೇಣಿನಷ್ಟು ದೂರದಲ್ಲಿ ನಿಂತಿದ್ದಾಳೆ. "ಆಂಟಿ, ನಾನು ಕಾಣ್ಲಿಲ್ವಾ?" ಎಂದು ಕೇಳಿದಳು. ಗುಣವತಿಯಕ್ಕ "ಎಂತದ್ದೋ ಯೋಚನೆಯಲ್ಲಿದ್ದೆ ಮಗಾ" ಎಂದರು. ಆದರೆ ಅವರು ಯಾವ ಯೋಚನೆಯಲ್ಲೂ ಇರಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದರು. ಆ ಹುಡುಗಿ ಇದ್ದ ಜಾಗದಲ್ಲಿ ಅವರಿಗೆ ಹುಡುಗಿ ಇರಲೇ ಇಲ್ಲ.

ಆಮೇಲೆ ಒಂದೊಂದೇ ಗಮನಕ್ಕೆ ಬರತೊಡಗಿತು. ಬದಿಯಲ್ಲಿಟ್ಟ ಲೋಟಕ್ಕೆ ಮೊಣಕೈ ತಾಗಿ ಬೀಳುವುದು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಯುವುದು. ಹಗಲಲ್ಲಿ ಹೇಗೋ ಸುಧಾರಿಸಬಹುದಿತ್ತು. ಕತ್ತಲಾಗುತ್ತಾ ಬಂದಂತೆ ಕಷ್ಟ. ಅದರಲ್ಲೂ ಮನೆಯ ಮೆಟ್ಟಿಲು. ಅವರ ಮನೆ ಇರುವುದು ರಸ್ತೆಯಿಂದ ಕೆಳಗೆ, ಹಿಂದೆ ಗದ್ದೆಯಿದ್ದ ತಗ್ಗಿನಲ್ಲಿ. ರಸ್ತೆಬದಿಯ ಶೀಟಿನ ಶೆಡ್ಡಿನಲ್ಲಿ ಸ್ಕೂಟರ್ ನಿಲ್ಲಿಸಿ, ಗೇಟು ತೆಗೆದು, ಹನ್ನೊಂದು ಕೆಂಪುಕಲ್ಲಿನ ಮೆಟ್ಟಿಲು ಇಳಿದರೆ ಅಂಗಳ. ಹದಿನಾಲ್ಕು ವರ್ಷದಿಂದ ಇಳಿದ ಮೆಟ್ಟಿಲುಗಳನ್ನು ಅವರು ಈಗ ಎಣಿಸಿ ಇಳಿಯತೊಡಗಿದ್ದರು.

ಯಾರಿಗೂ ಹೇಳಲಿಲ್ಲ. ಏಕೆಂದರೆ ಇದು ಅವರಿಗೆ ಹೊಸತಲ್ಲ. ಇದನ್ನು ಅವರು ಒಮ್ಮೆ ನೋಡಿದ್ದರು. ಅವರ ತಾಯಿಗೂ ಹೀಗೆಯೇ ಶುರುವಾದದ್ದು. "ವಯಸ್ಸಾಯ್ತಲ್ಲ" ಎಂದರು ಎಲ್ಲರೂ. ಅರವತ್ತಕ್ಕೆ ಪೂರ್ತಿ ಕತ್ತಲೆ. ಐವತ್ತು ಮಂದಿಗೆ ಒಬ್ಬರೇ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸಿನ ಕೈಯಿಂದ ಮೊದಲು ಕತ್ತಿ ತೆಗೆದರು, ಆಮೇಲೆ ಒಲೆ, ಆಮೇಲೆ ಬಾವಿಯ ಹಗ್ಗ. ಕೊನೆಯ ಒಂಬತ್ತು ವರ್ಷ ಅವರು ಚಾವಡಿಯ ಒಂದು ಕುರ್ಚಿಯಲ್ಲಿ ಕೂತು ಬಂದವರ ಹೆಜ್ಜೆಸದ್ದು ಕೇಳಿ "ಯಾರು?" ಎನ್ನುತ್ತಿದ್ದರು. ಗುಣವತಿಯಕ್ಕನಿಗೆ ಸಾಯುವುದಕ್ಕಿಂತ ಆ ಕುರ್ಚಿಯ ಭಯ ಹೆಚ್ಚು. ಹೇಳಿದರೆ ಮೊದಲು ಸ್ಕೂಟರ್ ಹೋಗುತ್ತದೆ, ಆಮೇಲೆ ಕ್ಯಾಂಟೀನ್ ಹೋಗುತ್ತದೆ, ಆಮೇಲೆ ಕುರ್ಚಿ. ಡಾಕ್ಟರ ಹತ್ತಿರ ಹೋದರೆ ಇರುವುದಕ್ಕೆ ಹೆಸರು ಬರುತ್ತದೆ. ಹೆಸರು ಬರುವುದು ಬೇಡವಾಗಿತ್ತು.

ಬೇಕಾಗಿದ್ದದ್ದು ಮೆಟ್ಟಿಲ ಮೇಲೆ ಬೆಳಕು, ಅಷ್ಟೇ. ಆದರೆ ಕಾರಣ ಹೇಳದೆ ಅದನ್ನು ಕೇಳುವುದು ಹೇಗೆ? ಮುಂಬಾಗಿಲ ಸಿಟೌಟಿನಲ್ಲಿ ಒಂದು ಬಲ್ಬು ಇತ್ತಲ್ಲ, ಹದಿನಾಲ್ಕು ವರ್ಷ ಅದೇ ಸಾಕಾಗಿತ್ತಲ್ಲ.

ನವೆಂಬರ್ ಮೊದಲ ವಾರ ಪಕ್ಕದ ಮನೆಯ ಅಪೊಲೋನಿಯಾ ಬಾಯಿಯ ಬಾವಿಯಿಂದ ಪಂಪು ಕಳವಾಯಿತು. ಬೀದಿಯವರೆಲ್ಲ ಗೌರವಕ್ಕೆ 'ಬಾಯಿ' ಎನ್ನುವ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಶಾಲೆಯಿಂದ ನಿವೃತ್ತರಾದ ಟೀಚರ್. ಅಕ್ಕನ ಮನೆಗೆಂದು ಒಂದು ದಿನ ಹೋಗಿ ಬರುವಷ್ಟರಲ್ಲಿ ಯಾರೋ ಪೈಪು ಕೊಯ್ದು ಪಂಪು ಒಯ್ದಿದ್ದರು. ಅಂದು ರಾತ್ರಿ ಊಟಕ್ಕೆ ಕೂತಾಗ ಗುಣವತಿಯಕ್ಕ ಗಂಡನಿಗೆ ಹೇಳಿದರು, "ನಾವು ಹೊರಗೆ ಒಂದೆರಡು ಲೈಟು ಹಾಕಿಸುವ."

"ನಮ್ಮಲ್ಲಿ ಎಂತ ಉಂಟು ಮಾರಾಯ್ತಿ ಕದಿಯಲಿಕ್ಕೆ?" ಎಂದರು ಚಿತ್ತರಂಜನ ಶೆಟ್ಟರು. "ನಮ್ಮ ಪಂಪು ಬಾವಿಯೊಳಗೆ ನೀರಿನಲ್ಲಿ ಉಂಟು. ಅಲ್ಲಿಗೆ ಇಳಿಯುವ ಕಳ್ಳ ಇದ್ದರೆ ತಗೊಂಡು ಹೋಗಲಿ."

ಮಾತು ಅಲ್ಲಿಗೆ ಮುಗಿಯಿತು.

ಐದು ದಿನ ಕಳೆದ ಮೇಲೆ ಗುಣವತಿಯಕ್ಕ ಬಿದ್ದರು. ಕ್ಯಾಂಟೀನಿನಿಂದ ಉಳಿದ ಹಾಲಿನ ಕ್ಯಾನು ಕೈಯಲ್ಲಿತ್ತು. ಏಳು ಎಣಿಸಿದ್ದಾರೋ ಎಂಟೋ, ಮೇಲಿನ ರಸ್ತೆಯಲ್ಲಿ ಲಾರಿಯ ಹಾರ್ನಿಗೆ ಲೆಕ್ಕ ತಪ್ಪಿತು. ಅಂಗಳ ಬಂತೆಂದು ಇಟ್ಟ ಕಾಲಿಗೆ ಇನ್ನೊಂದು ಮೆಟ್ಟಿಲ ಆಳ ಸಿಕ್ಕಿತು. ಮೊಣಕಾಲು ಒಡೆಯಿತು, ಅಂಗೈ ಸುಲಿಯಿತು. ಗಂಡ ಬರುವಷ್ಟರಲ್ಲಿ ಚೆಲ್ಲಿದ ಹಾಲು ತೊಳೆದು, ಗಾಯಕ್ಕೆ ಬಟ್ಟೆ ಕಟ್ಟಿ ಕೂತಿದ್ದರು.

"ದಾನೆ ಆಂಡ್?" ಎಂದು ಗಾಬರಿಯಲ್ಲಿ ತುಳುವಿನಲ್ಲಿ ಕೇಳಿದರು ಶೆಟ್ಟರು. ಏನಾಯಿತು?

ಆಗ ಬಾಯಿಗೆ ಬಂದದ್ದು ಸುಳ್ಳು. ಯೋಚಿಸಿ ಹೇಳಿದ್ದಲ್ಲವಂತೆ. "ಬಾವಿಕಟ್ಟೆಯ ಹತ್ತಿರ ಯಾರೋ ನಿಂತಿದ್ದ. ಹೆದರಿಕೆಯಾಗಿ ಓಡಿ ಇಳಿದೆ. ಜಾರಿತು."

ಶೆಟ್ಟರ ಕೈಯಲ್ಲಿದ್ದ ಬ್ಯಾಗು ನೆಲಕ್ಕೆ ಬಂತು. ಟಾರ್ಚ್ ಹಿಡಿದು ಮನೆಗೆ ಎರಡು ಸುತ್ತು ಬಂದರು. ವಾಪಸು ಬಂದು ಒಂದೊಂದಾಗಿ ಕೇಳತೊಡಗಿದರು. "ಎತ್ತರವಾ? ಗಿಡ್ಡವಾ?"

"ಎತ್ತರ."

"ಎಂತ ಹಾಕಿದ್ದ?"

"ಲುಂಗಿ. ಎತ್ತಿ ಕಟ್ಟಿದ್ದ."

"ಕೈಯಲ್ಲಿ ಎಂತಾದ್ರೂ ಇತ್ತಾ?"

ಹೆದರಿದ ತಲೆಗೆ ಹೊಸ ಮನುಷ್ಯನನ್ನು ಸೃಷ್ಟಿ ಮಾಡಲಿಕ್ಕೆ ಆಗುವುದಿಲ್ಲ. ಬಾವಿಕಟ್ಟೆಯ ಹತ್ತಿರ ಅವರು ವರ್ಷಗಟ್ಟಲೆ ನೋಡಿದ್ದ ಆಕಾರ ಒಂದೇ. "ಹೆಗಲಲ್ಲಿ ಹಗ್ಗದ ಹಾಗೆ ಎಂತದ್ದೋ ಇತ್ತು" ಎಂದರು.

ಶೆಟ್ಟರು ಟಾರ್ಚನ್ನು ಕೆಳಗಿಟ್ಟರು. "ಅದು ನಮ್ಮ ಮೋಹನದಾಸ ಅಲ್ವಾ?"

ಮೋಹನದಾಸ ಆ ಬೀದಿಯ ಏಳೆಂಟು ಮನೆಗೆ ತೆಂಗಿನಕಾಯಿ ಕೀಳುವವನು. ನಲವತ್ತೈದರ ಎತ್ತರದ ಆಳು, ಸ್ವಲ್ಪ ಬಾಗಿ ನಡೆಯುತ್ತಾನೆ. ಮರ ಹತ್ತುವ ಹಗ್ಗ ಯಾವಾಗಲೂ ಹೆಗಲಲ್ಲಿ.

"ಅಲ್ಲ, ಅಲ್ಲ. ಅವನಲ್ಲ" ಎಂದರು ಗುಣವತಿಯಕ್ಕ. "ಮುಖ ಕಾಣಲಿಲ್ಲ ನನಗೆ."

"ಮುಖ ಕಾಣದಿದ್ದರೆ ಅವನಲ್ಲ ಅಂತ ಹೇಗೆ ಗೊತ್ತು?"

ಗುಣವತಿಯಕ್ಕ ಅನ್ನ ಬಡಿಸಲು ಎದ್ದರು.

ಲೈಟಿನ ಕೆಲಸ ಮಾತ್ರ ಈಗ ಗಾಳಿಯ ಹಾಗೆ ಓಡಿತು. ಶೆಟ್ಟರು ಎರಡು ದಿನ ಮೊಬೈಲಿನಲ್ಲಿ ಅದನ್ನೇ ಓದಿದರು. ಎಷ್ಟು ವ್ಯಾಟು, ಮಳೆ ತಡೆಯುತ್ತದಾ, ಸೆನ್ಸರ್ ಎಷ್ಟು ದೂರದ ಮನುಷ್ಯನನ್ನು ಹಿಡಿಯುತ್ತದೆ. ಭಾನುವಾರ ಪೇಟೆಗೆ ಹೋಗಿ ಐವತ್ತು ವ್ಯಾಟಿನ ಎರಡು ಎಲ್‌ಇಡಿ ಫ್ಲಡ್ ಲೈಟು ತಂದರು, ಹಾಲಿನಂಥ ಬಿಳಿ ಬೆಳಕಿನದು. ಅಂಗಡಿಯವನು ಮನೆಗೆ ಇಪ್ಪತ್ತು ಸಾಕು ಎಂದಿದ್ದನಂತೆ. "ಇಪ್ಪತ್ತಕ್ಕೆ ಕಳ್ಳ ಹೆದರ್ತಾನಾ?" ಎಂದು ಇವರು ಕೇಳಿದರಂತೆ.

ಹಾಕಲು ಬಂದವರು ಬೊನಿಫಾಸ್. ಮೂವತ್ತೈದು ವರ್ಷದಿಂದ ವಯರಿಂಗ್ ಮಾಡುವ, ಕನ್ನಡಕವನ್ನು ಹಣೆಗೇರಿಸಿಯೇ ಇರುವ ಮನುಷ್ಯ. ಈ ಮನೆಯ ವಯರಿಂಗೂ ಅವರದ್ದೇ. ಅಂಗಳದಲ್ಲಿ ನಿಂತು ಮೆಟ್ಟಿಲು ನೋಡಿದರು, ಗೋಡೆ ನೋಡಿದರು.

"ಶೆಟ್ರೇ, ಈ ಗೋಡೆಯಲ್ಲಿ ಇಟ್ಟರೆ ಮೇಲಿನಿಂದ ಇಳಿಯುವವರ ಕಣ್ಣಿಗೇ ಹೊಡೀತದೆ."

"ಹೊಡೀಬೇಕು. ಕಳ್ಳನ ಕಣ್ಣಿಗೇ ಹೊಡೀಬೇಕು."

"ಕಳ್ಳ ಯಾವಾಗಲೋ ಒಮ್ಮೆ ಬರ್ತಾನೆ. ಅಕ್ಕ ದಿನಾ ಬರ್ತಾರೆ."

ಶೆಟ್ಟರು ಕೇಳಲಿಲ್ಲ. ಗುಣವತಿಯಕ್ಕನೂ ಮಾತಾಡಲಿಲ್ಲ, ಲೈಟು ಬರುತ್ತದಲ್ಲ, ಅದೇ ದೊಡ್ಡದೆಂದು ಸುಮ್ಮನಿದ್ದರು. ಬೊನಿಫಾಸ್ ಪೈಪು ಕೂರಿಸಿ, ಡ್ರಿಲ್ ಮಾಡಿ, ಒಂದನ್ನು ಮೆಟ್ಟಿಲಿಗೆ ಎದುರಾಗಿ, ಇನ್ನೊಂದನ್ನು ಬಾವಿಯ ಕಡೆಗೆ ಕೂರಿಸಿದರು. ಗೇಟು ತೆಗೆದರೆ ಹತ್ತುವ ಹಾಗೆ ಸೆನ್ಸರ್. ಹಗಲಲ್ಲೇ ಪರೀಕ್ಷೆ ಮಾಡಿ ತೋರಿಸಿ ಹೋದರು.

ಮರುದಿನ ಸಂಜೆ ಗುಣವತಿಯಕ್ಕ ಬಹಳ ದಿನದ ಮೇಲೆ ಸ್ವಲ್ಪ ಧೈರ್ಯದಿಂದ ಗೇಟು ತೆಗೆದರು. ಎದುರಿನಿಂದ ಬೆಳಕು ಒಮ್ಮೆಲೇ ಎದ್ದಿತು. ಬಿಳಿ, ಬರೀ ಬಿಳಿ. ಮೆಟ್ಟಿಲಿಲ್ಲ, ಗೋಡೆಯಿಲ್ಲ, ಮನೆಯಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದರೆ ಕಾಲ ಹತ್ತಿರ ಬರೀ ಕಪ್ಪು. ಗೇಟಿನ ಸರಳು ಹಿಡಿದು ನಿಂತರು. ಅಲುಗಾಡದೆ ನಿಂತದ್ದಕ್ಕೆ ಸ್ವಲ್ಪ ಹೊತ್ತಿನಲ್ಲಿ ಲೈಟು ಆರಿತು. ಆಗ ಹಿಂದೆ ಇದ್ದ ಅರೆಬರೆ ನೋಟವೂ ಹೋಗಿ ಕಣ್ಣಮುಂದೆ ಹಸಿರು ಚುಕ್ಕೆಗಳು. ಕೈ ಎತ್ತಿದರೆ ಮತ್ತೆ ಬಿಳಿ. ಕೊನೆಗೆ ಅವರು ಮೆಟ್ಟಿಲ ಮೇಲೆ ಕೂತರು. ಐವತ್ತಮೂರು ವರ್ಷದ ಹೆಂಗಸು, ಕ್ಯಾಂಟೀನಿನ ಯಜಮಾನಿ, ಮಕ್ಕಳ ಹಾಗೆ ಕೂತು ಕೂತೇ ಒಂದೊಂದು ಮೆಟ್ಟಿಲು ಇಳಿದರು. ಯಾರಾದರೂ ನೋಡಿದರೋ ಎಂಬುದನ್ನು ನೋಡಲಿಕ್ಕೂ ಅವರಿಗೆ ಕಾಣುತ್ತಿರಲಿಲ್ಲ.

ಒಂದು ವಾರ ಹಾಗೆಯೇ ನಡೆಯಿತು. ಮನೆಗೆ ಹೋಗುವ ಹೊತ್ತಾದಂತೆ ಮನಸ್ಸು ಆ ಮೆಟ್ಟಿಲ ಮೇಲೆಯೇ ಇರುತ್ತಿತ್ತು. ನಾಲ್ಕು ಗಂಟೆಯ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದ್ದು ಆ ದಿನಗಳಲ್ಲೇ, ನಾವು ನಕ್ಕಿದ್ದೆವು. ಶೆಟ್ಟರು ಮಾತ್ರ ರಾತ್ರಿ ಬಂದು ಗೇಟು ತೆಗೆದು, ಅಂಗಳವೆಲ್ಲ ಹಗಲಾದದ್ದನ್ನು ನೋಡಿ, "ಈಗ ಧೈರ್ಯ ಉಂಟಲ್ಲ ನಿನಗೆ?" ಎಂದು ಕೇಳುತ್ತಿದ್ದರು. "ಉಂಟು" ಎನ್ನುತ್ತಿದ್ದರು ಇವರು.

ಅಪೊಲೋನಿಯಾ ಬಾಯಿಯೇ ಕೊನೆಗೆ ಬೇಲಿಯ ಹತ್ತಿರ ಬಂದು ಹೇಳಿದರು, "ಗುಣವತೀ, ನಿಮ್ಮ ಬಾವಿಯ ಲೈಟು ನಮ್ಮ ಮಲಗುವ ಕೋಣೆಗೆ ಬೀಳ್ತದೆ. ನಿಮ್ಮ ಬಾಳೆಎಲೆ ಆಡಿದರೂ ಹತ್ತುತ್ತದೆ. ಹತ್ತುವುದು, ಆರುವುದು. ಪ್ರತಿ ಸಲ ಯಾರೋ ಬಂದ್ರು ಅಂತ ನಾನು ಎದ್ದು ಕೂರ್ತೇನೆ. ಮೊದಲು ಆದ್ರೂ ನಿದ್ದೆ ಬರ್ತಿತ್ತು."

ಮರುದಿನ, ಶನಿವಾರ, ಮಧ್ಯಾಹ್ನಕ್ಕೇ ಕ್ಯಾಂಟೀನ್ ಮುಚ್ಚುವ ದಿನ, ಬೊನಿಫಾಸ್ ಮತ್ತೆ ಬಂದರು. ಶೆಟ್ಟರು ಹೋಟೆಲಿನಲ್ಲಿದ್ದರು. ಬಾವಿಯ ಲೈಟನ್ನು ತಗ್ಗಿಸಿ, ಸೆನ್ಸರನ್ನು ಬಾಳೆಯಿಂದ ಆಚೆ ತಿರುಗಿಸಿ, ಮೆಟ್ಟಿಲಿನದ್ದನ್ನು ಕತ್ತಲಾದ ಮೇಲೆ ನೋಡಿಯೇ ಹೋಗುತ್ತೇನೆಂದು ನಿಂತರು. ಏಣಿಯ ಮೇಲಿನಿಂದ "ಅಕ್ಕಾ, ಆ ಟೆಸ್ಟರ್ ಕೊಡಿ" ಎಂದರು. ಟೆಸ್ಟರ್ ಗುಣವತಿಯಕ್ಕನ ಎಡಕ್ಕೆ ಕಟ್ಟೆಯ ಮೇಲೆಯೇ ಇತ್ತು. ಅವರು ಬಲಕ್ಕೆ ಹುಡುಕಿದರು, ಕೆಳಗೆ ಹುಡುಕಿದರು, ಆಮೇಲೆ ಪೂರ್ತಿ ತಿರುಗಿ ನಿಂತು ಕಂಡರು.

ಬೊನಿಫಾಸ್ ಟೆಸ್ಟರ್ ತಗೊಂಡು ಕೆಲಸ ಮುಂದುವರಿಸಿದರು. ಕತ್ತಲಾದ ಮೇಲೆ, "ಮೇಲೆ ಹೋಗಿ ಗೇಟಿನಿಂದ ಒಮ್ಮೆ ಇಳಿದು ಬನ್ನಿ. ಎಲ್ಲಿಗೆ ಬೆಳಕು ಬೇಕು ನೋಡುವ" ಎಂದರು. ಆಗಲ್ಲ ಎನ್ನುವಂತಿರಲಿಲ್ಲ. ಹೋದರು. ಇಳಿದರು. ಮೆಟ್ಟಿಲಿಗೊಂದು ನಿಮಿಷ ಹಿಡಿಯಿತು.

ಕೆಳಗೆ ಬಂದಾಗ ಬೊನಿಫಾಸ್ ಮೆಲ್ಲನೆ ಕೇಳಿದರು, "ಅಕ್ಕಾ, ಬದಿಯಿಂದ ನಿಮಗೆ ಕಾಣುವುದಿಲ್ಲ, ಅಲ್ವಾ?"

"ಎಂತ ಮಾತಾಡ್ತೀರಿ ನೀವು? ನಿಮ್ಮ ಲೈಟು ಸರಿ ಇಲ್ಲ, ಅದನ್ನು ಹೇಳಿ."

"ಲೈಟು ಸರಿ ಇಲ್ಲ, ಅದು ಹೌದು. ಆದ್ರೆ ಕಾಣುವವರು ಇಳಿಯುವಾಗ ಕಾಲು ನೋಡ್ತಾರೆ. ನೀವು ಎಣಿಸ್ತೀರಿ. ತುಟಿ ಅಲ್ಲಾಡ್ತದೆ ನಿಮ್ಮದು." ಏಣಿಯನ್ನು ಗೋಡೆಯಿಂದ ತೆಗೆಯುತ್ತಾ ಹೇಳಿದರು, "ಕರೆಂಟು ಇಲ್ಲದ ಮನೆಯಲ್ಲೇ ಅಲ್ವಾ ನನ್ನ ಕೆಲಸ. ಕತ್ತಲೆಯಲ್ಲಿ ಜನ ಹೇಗೆ ನಡೀತಾರೆ ಅಂತ ನನಗೆ ಗೊತ್ತುಂಟು."

ಗುಣವತಿಯಕ್ಕನಿಗೆ ಕೋಪ ಬಂತು. ನಿಮ್ಮ ಕೆಲಸ ನೀವು ಮಾಡಿ ಹೋಗಿ ಎಂದುಬಿಟ್ಟರು. ಬೊನಿಫಾಸ್ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಾ, ಬೇರೆ ಮಾತಿಗೆಂದು ಹೇಳಿದ್ದೇ ಅವರನ್ನು ಮುರಿದದ್ದು.

"ನೀವು ಆ ದಿನ ನೋಡಿದ್ದು ಮೋಹನದಾಸನನ್ನೇ ಅಂತ ಎಲ್ಲರೂ ಹೇಳ್ತಾರಲ್ಲ, ಪಾಪ, ಮೊನ್ನೆ ಸ್ಟೇಷನಿಗೆ ಕರೆದಿದ್ರು. ಬೆಳಗ್ಗಿನಿಂದ ಸಂಜೆಯವರೆಗೆ ಬೆಂಚಿನಲ್ಲಿ ಕೂರಿಸಿದ್ರಂತೆ. ಹೊಡೀಲಿಲ್ಲ, ಏನಿಲ್ಲ. ಆದ್ರೆ ಈಗ ಒಂದು ಮನೆಯವರೂ ಕಾಯಿ ಕೀಳ್ಲಿಕ್ಕೆ ಕರೀತಾ ಇಲ್ಲ."

ಗುಣವತಿಯಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪೊಲೀಸಿಗೆ ಯಾರು ಹೇಳಿದ್ದೆಂದು ಅವರಿಗೆ ಗೊತ್ತಿರಲಿಲ್ಲ. ಶೆಟ್ಟರು ಅಪೊಲೋನಿಯಾ ಬಾಯಿಗೆ ಹೇಳಿದ್ದರು. ಪಂಪಿನ ದೂರು ಕೊಟ್ಟಿದ್ದ ಅವರು ಬೀಟಿಗೆ ಬಂದ ಪೊಲೀಸಿನವನಿಗೆ ಹೇಳಿದ್ದರು. ಯಾರೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ.

"ಅವನು ಅಲ್ಲ" ಎಂದರು. "ಅಲ್ಲಿ ಯಾರೂ ಇರ್ಲಿಲ್ಲ ಬೊನಿಫಾಸ್. ನಾನು ಕಾಣದೆ ಬಿದ್ದದ್ದು."

ಎರಡು ತಿಂಗಳಲ್ಲಿ ಆ ಮಾತು ಅವರ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಬೊನಿಫಾಸ್ ಚೀಲ ಕೆಳಗಿಟ್ಟರು. "ಇದನ್ನು ನಾನು ಯಾರಿಗೂ ಹೇಳುವುದಿಲ್ಲ ಅಕ್ಕಾ. ಆದ್ರೆ ನೀವು ಹೇಳ್ಬೇಕು. ಇಲ್ಲದಿದ್ರೆ ಅವನಿಗೆ ಈ ಊರಲ್ಲಿ ಮರ ಹತ್ಲಿಕ್ಕೆ ಆಗುವುದಿಲ್ಲ" ಎಂದು ಹೋದರು.

ಮರುದಿನ ಭಾನುವಾರ ಬೆಳಗ್ಗೆ, ಶೆಟ್ಟರು ಪೇಪರು ಹಿಡಿದು ಕೂತಿದ್ದಾಗ ಗುಣವತಿಯಕ್ಕ ಎದುರಿಗೆ ನಿಂತು ಎಲ್ಲವನ್ನೂ ಹೇಳಿದರು. ಕಾಲೇಜಿನ ಗೇಟಿನ ಹುಡುಗಿ, ಲೋಟ, ಎಣಿಕೆ, ಕೂತು ಇಳಿದದ್ದು, ಬಾವಿಕಟ್ಟೆಯಲ್ಲಿ ಯಾರೂ ಇಲ್ಲದಿದ್ದದ್ದು. ಶೆಟ್ಟರು ಪೇಪರು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನನ್ನ ಹತ್ತಿರ ಹೇಳ್ಲಿಕ್ಕೆ ನಿನಗೆ ಎಂತ ಹೆದರಿಕೆ?"

"ನೀವು ನನ್ನನ್ನು ಕೂರಿಸ್ತೀರಿ ಅಂತ. ಅಮ್ಮನನ್ನು ಕೂರಿಸಿದ ಹಾಗೆ."

ಶೆಟ್ಟರಿಗೆ ಸಿಟ್ಟು ಬಂದಿತ್ತು, ಅದು ಗುಣವತಿಯಕ್ಕನಿಗೆ ಗೊತ್ತಾಯಿತು. ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎದ್ದು ಅಂಗಿ ಹಾಕಿಕೊಂಡು ಬಂದು, "ಮೊದಲು ಮೋಹನದಾಸನಲ್ಲಿಗೆ ಹೋಗುವ. ಪೊಲೀಸಿಗೆ ಹೋದದ್ದು ನನ್ನ ಬಾಯಿಯಿಂದ" ಎಂದರು.

ಮೋಹನದಾಸನ ಮನೆ ಗುಡ್ಡೆಯ ಆಚೆ ಬದಿ. ಅವನು ಜಗಲಿಯಲ್ಲಿ ಕತ್ತಿ ಮಸೆಯುತ್ತಾ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ, ಕೂರಿ ಎನ್ನಲಿಲ್ಲ. ಗುಣವತಿಯಕ್ಕ ನಿಂತೇ ಹೇಳಿದರು. ಹೇಳಿ ಮುಗಿಯುವವರೆಗೂ ಅವನು ಕತ್ತಿಯ ಬಾಯಿಯನ್ನೇ ನೋಡುತ್ತಿದ್ದ.

"ಅಂದ್ರೆ ನೀವು ನನ್ನನ್ನು ನೋಡ್ಲೇ ಇಲ್ಲ."

"ಇಲ್ಲ ಮೋಹನದಾಸ. ಯಾರನ್ನೂ ನೋಡ್ಲಿಲ್ಲ."

"ನಾನು ಹನ್ನೆರಡು ವರ್ಷ ನಿಮ್ಮ ಮರ ಹತ್ತಿದವ ಅಕ್ಕ. ಒಂದು ಬೊಂಡದ ಎಳನೀರು ಕೇಳದೆ ಕುಡಿದವನಲ್ಲ." ಅವನ ಸ್ವರ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತು ಅಂತ ಗುಣವತಿಯಕ್ಕನಿಗೆ ಅನಿಸಿತಂತೆ. "ನನಗೆ ಹೇಳಿದ್ದು ಸಾಕು. ಒಳಗೆ ನನ್ನ ಹೆಂಡತಿ ಇದ್ದಾಳೆ, ಅವಳಿಗೆ ಹೇಳಿ. ಸ್ಟೇಷನಿಗೆ ಹೋದ ದಿನದಿಂದ ಅವಳು ನೀರಿಗೆ ಬೋರ್‌ವೆಲ್ ಹತ್ತಿರ ಹೋಗಿಲ್ಲ, ಜನ ಕೇಳ್ತಾರೆ ಅಂತ."

ಒಳಗೆ ಹೋಗಿ ಆ ಹೆಂಗಸಿಗೂ ಹೇಳಿದರು. ಅವಳು ಅತ್ತಳು. ಅಲ್ಲಿಂದ ಅಪೊಲೋನಿಯಾ ಬಾಯಿಯ ಮನೆ, ಮತ್ತೆ ಬೀದಿಯ ಉಳಿದ ಮನೆಗಳು, ಸೋಮವಾರ ಗಂಡಹೆಂಡತಿ ಇಬ್ಬರೂ ಸ್ಟೇಷನ್. ಪ್ರತಿ ಬಾಗಿಲಲ್ಲೂ ಅದೇ ಎರಡು ಮಾತು: ನನಗೆ ಕಣ್ಣು ಸರಿ ಕಾಣುವುದಿಲ್ಲ, ಅಲ್ಲಿ ಯಾರೂ ಇರಲಿಲ್ಲ. ಮೂರನೆಯ ಮನೆಗೆ ಬರುವಷ್ಟರಲ್ಲಿ ಮೊದಲನೆಯ ಮಾತು ಹೇಳಲು ಸುಲಭವಾಗಿತ್ತು. ಎರಡನೆಯದು ಕೊನೆಯವರೆಗೂ ಆಗಲಿಲ್ಲ.

ಕಣ್ಣಿನ ಡಾಕ್ಟರಲ್ಲಿಗೆ ಹೋದದ್ದು ಆ ಗುರುವಾರ. ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗಲ್ಲ ಇಟ್ಟು ಕೂರಿಸಿ ಕೈಗೆ ಒಂದು ಬಟನ್ ಕೊಟ್ಟರು. ನಡುವಿನ ದೀಪವನ್ನೇ ನೋಡಬೇಕು, ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಕಂಡರೆ ಒತ್ತಬೇಕು. ಬಲಗಣ್ಣಿಗೆ ಒತ್ತಿದರು, ಬಿಟ್ಟರು, ಒತ್ತಿದರು. ಎಡಗಣ್ಣಿಗೆ ಬಂದಾಗ ಬಹಳ ಹೊತ್ತು ಏನೂ ಕಾಣಲಿಲ್ಲ. ಯಂತ್ರದ ಟಿಕ್ ಟಿಕ್ ಸದ್ದು ಮಾತ್ರ ಕೇಳುತ್ತಿತ್ತು. ಬೆಳಕು ಬರುತ್ತಿದೆ, ತನಗೆ ಕಾಣುತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು. ಸುಮ್ಮನೆ ಒತ್ತಿಬಿಡಲೇ ಎಂದು ಬೆರಳು ಎರಡು ಸಲ ಬಟನಿಗೆ ಹೋಯಿತಂತೆ. ಒತ್ತಲಿಲ್ಲ. ಸುಳ್ಳು ಹೇಳಿ ಸಾಕಾಗಿತ್ತು.

ಡಾಕ್ಟರ್ ಸಣ್ಣ ವಯಸ್ಸಿನ ಹೆಂಗಸು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬರುವುದು, ಅಂಚಿನಿಂದ ನೋಟ ಹೋಗುವುದು. ತಾಯಿಗೂ ಇದೇ ಆಗಿರಬಹುದು ಎಂದರು.

"ಹೋದದ್ದು ಬರ್ತದಾ?"

"ಇಲ್ಲಮ್ಮ. ಅದು ಬರುವುದಿಲ್ಲ. ಆದ್ರೆ ಉಳಿದದ್ದನ್ನು ಉಳಿಸ್ಬಹುದು. ದಿನಾ ಡ್ರಾಪ್ಸ್ ಹಾಕ್ಬೇಕು, ಒಂದು ದಿನ ಬಿಡ್ಲಿಕ್ಕಿಲ್ಲ. ಮೂರು ತಿಂಗಳಿಗೊಮ್ಮೆ ಬರ್ಬೇಕು. ಸ್ಕೂಟರ್ ಬೇಡ, ಹಗಲಲ್ಲೂ ಬೇಡ."

ಗುಣವತಿಯಕ್ಕ ಕೇಳಿದರು, "ಕ್ಯಾಂಟೀನ್?"

ಡಾಕ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕ್ಯಾಂಟೀನಿಗೆ ಎಂತ ಆಗಿದೆ? ನಡೆಸಿ."

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು ಎಂದು ಹೇಳುವಾಗ ಗುಣವತಿಯಕ್ಕ ಬಟಾಣಿಯ ಸಿಪ್ಪೆಯನ್ನು ಒಂದು ಬದಿಗೆ ಸರಿಸಿದರು.

ಬೊನಿಫಾಸ್ ಮೂರನೆಯ ಸಲ ಬಂದು ಮೆಟ್ಟಿಲಿನ ಕೆಲಸವನ್ನು ಮೊದಲಿನಿಂದ ಮಾಡಿದರು. ಎದುರು ಗೋಡೆಯ ಫ್ಲಡ್ ಲೈಟನ್ನು ಕಳಚಿ ಹಿತ್ತಲಿಗೆ ಒಯ್ದರು. ಮೆಟ್ಟಿಲಿನ ಬಲಗೋಡೆಗೆ, ಪಾದದ ಎತ್ತರದಲ್ಲಿ, ಮೇಲೆ ಟೊಪ್ಪಿಯಂಥ ಮುಚ್ಚಳ ಇರುವ ಸಣ್ಣ ಎಲ್‌ಇಡಿಗಳನ್ನು ಎರಡು ಮೆಟ್ಟಿಲಿಗೊಂದರಂತೆ ಕೂರಿಸಿದರು. ಮೂರೇ ವ್ಯಾಟಿನವು, ಹಳದಿ ಬೆಳಕಿನವು. ಬಲ್ಬು ಕಣ್ಣಿಗೆ ಬೀಳುವುದಿಲ್ಲ, ಬೆಳಕು ಕಲ್ಲಿನ ಮೇಲೆ ಮಾತ್ರ ಬೀಳುತ್ತದೆ. ಹತ್ತುವುದು ಆರುವುದು ಇಲ್ಲ. ಕತ್ತಲಾದರೆ ತಾನಾಗಿ ಉರಿದು ಬೆಳಗಾದರೆ ತಾನಾಗಿ ಆರುತ್ತವೆ. ಶೆಟ್ಟರು ತಾವೇ ಬ್ರಷ್ ಹಿಡಿದು ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳು ಅಗಲ ಬಿಳಿ ಪೈಂಟು ಬಳಿದರು. ಬಲಗಡೆ ಕೈಗೆ ಹಿಡಿಯಲು ಸ್ಟೀಲಿನ ಪೈಪು ಬಂತು.

"ಕಳ್ಳನಿಗೂ ಇಳೀಲಿಕ್ಕೆ ಸುಲಭ ಆಯ್ತಲ್ಲ ಬೊನಿಫಾಸ್" ಎಂದರಂತೆ ಶೆಟ್ಟರು.

"ಬೀಳುವುದಿಲ್ಲ ಅವನೂ" ಎಂದರಂತೆ ಬೊನಿಫಾಸ್.

ಅಪೊಲೋನಿಯಾ ಬಾಯಿಯ ಪಂಪು ಒಯ್ದವರು ಯಾರೆಂದು ಇಂದಿಗೂ ಪತ್ತೆಯಿಲ್ಲ. ಮೋಹನದಾಸನನ್ನು ಮೊದಲು ಕರೆದದ್ದು ಅಪೊಲೋನಿಯಾ ಬಾಯಿಯೇ. ಎಲ್ಲರಿಗೂ ಕೇಳುವ ಹಾಗೆ ರಸ್ತೆಯಿಂದಲೇ ಕೂಗಿ ಕರೆದರು. ಒಬ್ಬೊಬ್ಬರಾಗಿ ಉಳಿದವರೂ ಕರೆದರು, ಇಬ್ಬರು ಕರೆಯಲಿಲ್ಲ. ಗುಣವತಿಯಕ್ಕನ ಮನೆಗೆ ಅವನು ಫೆಬ್ರವರಿಯಲ್ಲಿ ಬಂದ. ಮರ ಹತ್ತಿ ಕಾಯಿ ಕಿತ್ತು ಹಾಕಿದ. ಚಹಾ ಕೊಟ್ಟರೆ ಬೇಡ ಎಂದ. ಈಗಲೂ ಹಾಗೆಯೇ, ಬರುತ್ತಾನೆ, ಕೆಲಸ ಮಾಡುತ್ತಾನೆ, ಚಹಾ ಕುಡಿಯುವುದಿಲ್ಲ. ಗುಣವತಿಯಕ್ಕ ಪ್ರತಿ ಸಲವೂ ಕೇಳುತ್ತಾರೆ.

ಬೆಳಗ್ಗೆ ಈಗ ಅವರು ಕಾಲೇಜು ಬಸ್ಸಿನಲ್ಲಿ ಬರುತ್ತಾರೆ, ಸಂಜೆ ಲೆಕ್ಚರರು ನಾವು ಯಾರಾದರೂ ಕಾರಿನಲ್ಲಿ ಬಿಡುತ್ತೇವೆ. ಕ್ಯಾಂಟೀನಿನಲ್ಲಿ ಲೋಟಗಳ ಜಾಗ ಬಲಬದಿಗೆ ಬಂದಿದೆ. ಆದರೆ ಅವರ ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅದು ಈಗ ಬೇರೆ ಕಡೆ ತಿರುಗಿದೆ. ಇದು ರಕ್ತದಲ್ಲಿ ಬರುವುದು, ಒಡಹುಟ್ಟಿದವರೆಲ್ಲ ಕಣ್ಣು ತೋರಿಸಲೇಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ತಮ್ಮ ತೋರಿಸಿದ್ದಾನೆ, ಏನೂ ಇಲ್ಲ. ಮುಲ್ಕಿಯಲ್ಲಿರುವ ತಂಗಿ ಮಾತ್ರ ಒಪ್ಪುವುದಿಲ್ಲ. ನಲವತ್ತೊಂಬತ್ತು ವರ್ಷ, ಟೈಲರಿಂಗ್ ಅಂಗಡಿ ಉಂಟು, ಸೂಜಿಗೆ ನೂಲು ಪೋಣಿಸುವಷ್ಟು ಕಣ್ಣು ಚೆನ್ನಾಗಿದೆ ಎನ್ನುತ್ತಾಳೆ.

"ಎದುರಿಗೆ ಇರುವುದು ನನಗೂ ಕಾಣ್ತಿತ್ತು ಮಾರಾಯ್ತಿ, ಬದಿಯದ್ದು ಹೋಗುವುದು" ಎಂದು ಗುಣವತಿಯಕ್ಕ ಫೋನಿನಲ್ಲಿ ಹೇಳುವುದು ನನಗೆ ಕೇಳಿಸುತ್ತಿರುತ್ತದೆ. ಆಚೆಯಿಂದ ಬರುವ ಉತ್ತರ ಪ್ರತಿ ವಾರವೂ ಒಂದೇ: ಮದುವೆ ಸೀಸನ್, ಬ್ಲೌಸುಗಳು ರಾಶಿ ಬಿದ್ದಿವೆ, ಮುಗಿದ ಮೇಲೆ ನೋಡುವ. ಮೊನ್ನೆ ಫೋನ್ ಇಟ್ಟವರು ನನ್ನ ಕಡೆ ತಿರುಗಿ, "ಭಾನುವಾರ ನಿಮ್ಮ ಕಾರು ಖಾಲಿ ಉಂಟಾ ಟೀಚರ್? ನಾವೇ ಹೋಗಿ ಅವಳನ್ನು ಅಂಗಡಿಯಿಂದ ಎತ್ತಿಕೊಂಡು ಬರುವ" ಎಂದರು.